ಎಂಟು ಪದರದ ಅರಿವಿ

ಮಗಳು ತಿಂಗಳಿಗೆ ಮೂರು ದಿನ ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಿದ್ದಳು. ಆ ವಯಸ್ಸಿನಲ್ಲಿ ನನಗೂ ನೋವಿತ್ತು, ಹಾಗಾಗಿ ನಂಬಿದೆ. ಅವಳಾಗ ದಹಾವಿ, ಅಂದರೆ ಮರಾಠಿ ಸೀಮೆಯ ನಮ್ಮ ಕಡೆ ಹತ್ತನೇ ತರಗತಿ. ಒಂದು ಬೆಳಿಗ್ಗೆ ಬಚ್ಚಲಿನಿಂದ ಕಾಲು ಅಗಲಿಸಿಕೊಂಡು ನಡೆದು ಬಂದದ್ದು ಕಣ್ಣಿಗೆ ಬಿತ್ತು. ಏನೆಂದು ಕೇಳಿದರೆ ಏನಿಲ್ಲ ಅಂದಳು. ಕೈಹಿಡಿದು ಒಳಗೆ ಕರೆದೊಯ್ದು ನೋಡಿದೆ. ಎರಡೂ ತೊಡೆಸಂದಿಯ ಚರ್ಮ ಸುಲಿದು ಕೆಂಪಗಾಗಿತ್ತು. ಅಂಗಡಿಯ ಪ್ಯಾಡಿನ ಪ್ಲಾಸ್ಟಿಕ್ ಅಂಚು ಉಜ್ಜಿ ಉಜ್ಜಿ ಹಾಗಾಗಿತ್ತು. ಬೆಳಿಗ್ಗೆ ಎಸ್‌ಟಿ ಬಸ್ಸು ಹತ್ತಿದರೆ ಸಂಜೆಯೇ ಇಳಿಯುವುದು. ಶಾಲೆಯಲ್ಲಿ ಬದಲಿಸಲು ಬಾಗಿಲಿರುವ ಜಾಗವಿಲ್ಲ. ಇಡೀ ದಿನ ಒಂದೇ ಪ್ಯಾಡು, ಮೇಲೆ ನಮ್ಮ ಕಡೆಯ ಬಿಸಿಲು.

“ನಾ ಆ ಮೂರ ದಿನ ಹೋಗಂಗಿಲ್ಲ ಅವ್ವ. ಪರೀಕ್ಷಾದಾಗ ಬಂದ್ರೂ ಹೋಗಂಗಿಲ್ಲ” ಅಂದಳು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ. ಏನಾದರೂ ಕೆಟ್ಟಿದ್ದು ಕಂಡರೆ ಅದೇ ದಿನ ಸರಿಯಾಗಬೇಕು, ಅದನ್ನು ನಾನೇ ಸರಿಮಾಡಬೇಕು.

ಆಗ ನನ್ನ ತಲೆಯಲ್ಲಿ ಇನ್ನೊಂದು ಗುಂಗೂ ಇತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಅಂಗಡಿಯದೆಲ್ಲ ವಿಷ, ಮನೆಯಲ್ಲಿ ಕೈಯಾರೆ ಮಾಡಿದ್ದೇ ಅಮೃತ ಎಂಬ ಹಟ ಹಿಡಿದಿತ್ತು. ಅಂಟುವಾಳದ ಕಾಯಿ ಕುದಿಸಿ ಬಟ್ಟೆ ಒಗೆಯುತ್ತಿದ್ದೆ. ಒಲೆಯ ಇದ್ದಿಲು ಕುಟ್ಟಿ ಹಲ್ಲುಪುಡಿ ಮಾಡಿದ್ದೆ. ಮಾವನವರು ಅದರಲ್ಲಿ ಹಲ್ಲುಜ್ಜಿ ಹೊರಗಿನ ಕಟ್ಟೆಗೆ ಹೋಗಿ ಯಾರನ್ನೋ ನೋಡಿ ನಕ್ಕರಂತೆ, ಆ ಮನುಷ್ಯ ಹೆದರಿಕೊಂಡನಂತೆ. ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದರು: “ಇವತ್ತ ಪಲ್ಯಾಕ ಉಪ್ಪ ಅಂಗಡೀದ ಐತೇನ, ಇಲ್ಲಾ ಅದನ್ನೂ ಮನ್ಯಾಗ ಮಾಡೀದಿ?” ಮಗಳ ತೊಡೆ ನೋಡಿದ ದಿನ ಈ ಹುಚ್ಚಿಗೆ ಒಂದು ಕೆಲಸ ಸಿಕ್ಕಿತು. ಬಟ್ಟೆಯ ಪ್ಯಾಡನ್ನು ನಾನೇ ಹೊಲಿಯುತ್ತೇನೆ ಎಂದು ಹೊರಟೆ.

ಅತ್ತೆಗೆ ಹೇಳಿದರೆ ನಕ್ಕುಬಿಟ್ಟರು. “ಇದ್ರಾಗ ಹೊಸಾದೇನೈತಿ? ನಾವೇನ ಅಂಗಡಿಗಿ ಹೋಗ್ತಿದ್ವಿ? ಹಳಿ ಸೀರಿ ಹರಕೊಂಡು, ಮಡಿಚಿ ಇಟ್ಕೋತಿದ್ವಿ. ಅರಿವೀನ ಇತ್ತು ಎಲ್ಲಾ.” ಬಟ್ಟೆಗೆ ನಮ್ಮ ಕಡೆ ಅರಿವಿ ಅನ್ನುತ್ತಾರೆ.

“ಅದು ಬ್ಯಾರೆ ಅತ್ತಿ, ಇದು ಬ್ಯಾರೆ ಐತ್ರಿ. ಇದು ಹೊಲದಿದ್ದು” ಅಂದೆ, ಜಂಬದಿಂದ.

ಹೊಲಿಯುವುದೆಂದರೆ ನಮ್ಮ ಮನೆಯಲ್ಲಿ ಕೌದಿ ಹೊಲಿಯುವುದು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಗೆ ಸುತ್ತಿ ಸುತ್ತಿ ಒತ್ತಾಗಿ ಸೂಜಿಯ ಟಾಕು ಹಾಕುತ್ತ ಬಂದರೆ ಹತ್ತು ವರ್ಷ ಹೊದ್ದರೂ ಹರಿಯದ ಹೊದಿಕೆಯಾಗುತ್ತದೆ. ಅತ್ತೆಯ ಕೌದಿಗೆ ಊರಲ್ಲಿ ಹೆಸರಿತ್ತು. ಬಾಣಂತನಕ್ಕೆ ತವರಿಗೆ ಬಂದವರ ಮನೆಯಿಂದ ಕೂಸಿನ ಕೌದಿಗೆ ಕರೆ ಬರುತ್ತಿತ್ತು. ನಾನು ಬಿಳೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಹೊಲಿಗೆ ನೋಡಿ “ಇದು ಟಾಕ ಏನ, ಮೇಕಿ ಹೆಜ್ಜಿ ಏನ?” ಎಂದು ಬಿಚ್ಚಿಸಿದವರು. ಅವರ ಕೈಕೆಳಗೆ ಕಲಿತ ವಿದ್ಯೆ ಅದು, ಮತ್ತು ನನಗೆ ಬರುತ್ತಿದ್ದದ್ದು ಅದೊಂದೇ.

ಹಾಗಾಗಿ ಪ್ಯಾಡನ್ನೂ ಕೌದಿಯಂತೆಯೇ ಹೊಲಿದೆ. ಮೆತ್ತಗಾದ ಹತ್ತಿ ಸೀರೆ, ಮಾವನ ಹಳೆಯ ಧೋತರ, ಎಲ್ಲ ಕತ್ತರಿಸಿ ಎಂಟು ಪದರ ಕೂಡಿಸಿದೆ. ನಾಲ್ಕು ಸಾಕೆಂದು ವಿಡಿಯೋದಲ್ಲಿ ಹೇಳಿದ್ದರು. ನಾಲ್ಕು ಪದರ ನೆಚ್ಚಿ ಮಗಳನ್ನು ಎಸ್‌ಟಿ ಹತ್ತಿಸುವುದೇ? ಎಂಟಿದ್ದರೆ ಹೆದರಿಕೆಯಿಲ್ಲ ಅನ್ನಿಸಿತು. ಅಕ್ಕಿಕಾಳಿನಷ್ಟು ಸಣ್ಣ ಟಾಕು, ಸಾಲಿಗೆ ಸಾಲು ಒತ್ತಿ. ಅತ್ತೆ ಒಂದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ “ಟಾಕ ಚಲೋ ಬಿದ್ದಾವ” ಅಂದರು. ಇಪ್ಪತ್ತು ವರ್ಷದಲ್ಲಿ ನನ್ನ ಹೊಲಿಗೆಯನ್ನು ಅವರು ಹೊಗಳಿದ್ದು ಅದೇ ಮೊದಲು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಮಗಳು ಒಂದು ಕರಾರಿನ ಮೇಲೆ ಒಪ್ಪಿದಳು. ಒಗೆದಿದ್ದು ಯಾರ ಕಣ್ಣಿಗೂ ಬೀಳಬಾರದು. ಅಪ್ಪನ ಕಣ್ಣಿಗಂತೂ ಬೇಡವೇ ಬೇಡ. ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಕಾಳಿನ ಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಒಂದು ಹಗ್ಗ ಕಟ್ಟಿದೆ. ಅದರ ಮೇಲೆ ಪ್ಯಾಡು, ಪ್ಯಾಡಿನ ಮೇಲೆ ಮುಚ್ಚಲು ನನ್ನದೊಂದು ಹಳೆ ಪರಕಾರ, ಅಂದರೆ ಒಳಲಂಗ. ಆ ಜಾಗ ತೋರಿಸಿದ್ದು ಅತ್ತೆಯೇ. “ಅಲ್ಲಿ ಯಾರೂ ಹೋಗಂಗಿಲ್ಲ” ಅಂದರು.

ಮೊದಲ ಎರಡು ತಿಂಗಳು ನನ್ನನ್ನು ಹಿಡಿಯುವವರಿರಲಿಲ್ಲ. ಮಗಳ ಚರ್ಮ ಮಾಯಿತು. ಒಂದು ದಿನವೂ ಶಾಲೆ ತಪ್ಪಲಿಲ್ಲ. ನೀರಿಗೆ ಬಂದ ಹೆಂಗಸರ ಮುಂದೆ, ಕುರಿ ಹಿಂದೆ ಹೋಗುವವರ ಮುಂದೆ, ಕೇಳಿದವರಿಗೂ ಕೇಳದವರಿಗೂ ನಾನು ಅರಿವಿಯ ಪಾಠ ಹೇಳಿದೆ. ಕಬ್ಬು ಕಡಿಯಲು ಹೊರಟಿದ್ದ ದರಿಬಡಚಿ ಊರಿನ ಒಬ್ಬಾಕೆಗೆ ನಾಲ್ಕು ಹೊಲಿದೂ ಕೊಟ್ಟೆ. ಇದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮೂರನೇ ತಿಂಗಳು ಮೋಡ ಕವಿದೇ ಇತ್ತು. ಮಳೆ ಬರಲೂ ಇಲ್ಲ, ಬಿಸಿಲು ಬೀಳಲೂ ಇಲ್ಲ. ಮಗಳು ಮತ್ತೆ ಮಂಕಾದಳು. ರಾತ್ರಿ ಊಟ ಬಿಟ್ಟಳು. ಬಚ್ಚಲಲ್ಲಿ ಬಹಳ ಹೊತ್ತು ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಒಳಗಿನಿಂದ ಅಳುವ ಸದ್ದು ಕೇಳಿ ಬಾಗಿಲು ಬಡಿದೆ. ತುರಿಕೆ, ಉರಿ, ಉಚ್ಚೆ ಹೊಯ್ಯಲಾಗದಷ್ಟು ನೋವು. ಹದಿನೈದು ದಿನದಿಂದ ಹಾಗೇ ಇದೆಯಂತೆ.

“ಯಾಕ ಹೇಳಲಿಲ್ಲ?” ಎಂದು ಕೂಗಿದೆ.

“ನೀ ಅಷ್ಟ ಪ್ರೀತೀಲೆ ಹೊಲದೀದಿ ಅಂತ” ಅಂದಳು.

ಮರುದಿನವೇ ಎಸ್‌ಟಿ ಹತ್ತಿ ತಾಲೂಕಿನ ಊರಾದ ಜತ್ತಕ್ಕೆ ಹೋದೆವು, ಮಗಳು, ನಾನು, ಅತ್ತೆ. ಅತ್ತೆಯನ್ನು ಬೇಡವೆಂದರೂ ಕೇಳಲಿಲ್ಲ. ಅಲ್ಲಿನ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಮಗಳನ್ನು ಮರಾಠಿಯಲ್ಲಿ ಮೆತ್ತಗೆ ಒಂದೊಂದೇ ಕೇಳಿದರು. ತುರಿಸ್ತದೇನು, ಎಷ್ಟು ದಿನದಿಂದ, ಉಚ್ಚೆಗೆ ಹೋದಾಗ ಉರಿಯೇನು, ವಾಸನೆ ಇದೆಯೇನು. ಮಗಳು ತಲೆ ತಗ್ಗಿಸಿ ಎಲ್ಲಕ್ಕೂ ಹೂಂ ಅಂದಳು. ಆಮೇಲೆ ಬಾಯಿಯವರು ಏನು ಬಳಸ್ತೀರಿ ಎಂದು ನನ್ನ ಕಡೆ ತಿರುಗಿದರು. ನಾನು ಚೀಲದಿಂದ ಒಂದು ಪ್ಯಾಡು ತೆಗೆದುಕೊಟ್ಟೆ. ಒಗೆದು ಎಂಟು ದಿನವಾಗಿತ್ತು. ಮೇಲೆ ಮುಟ್ಟಿದರೆ ಗರಿಗರಿ ಒಣಗಿತ್ತು. ಅವರು ಕತ್ತರಿಯಿಂದ ಅದರ ಹೊಟ್ಟೆ ಸೀಳಿ ನನ್ನ ಮುಂದೆ ಹಿಡಿದರು. ಒಳಪದರ ಹಸಿಯಿತ್ತು. ಹಸಿಯ ಮೇಲೆ ಸಾಸಿವೆಕಾಳಿನಂಥ ಕರಿ ಬೂಷ್ಟು.

“ಇದೇನ್ರಿ, ಹುಡುಗಿಗಿ ಅರಿವಿ ಕೊಟ್ಟೀರೋ, ಹಾಸಗಿ ಕೊಟ್ಟೀರೋ?” ಎಂದು ನನಗೆ ಮಾತ್ರ ಕನ್ನಡದಲ್ಲಿ ಬೈದರು. “ಎಲ್ಲಿ ಒಣಗಸ್ತೀರಿ?”

ಹೇಳಿದೆ. ಅರಿವಿ ತಪ್ಪಲ್ಲ, ಆದರೆ ಬಿಚ್ಚಿ ಹರಡುವಂತಿರಬೇಕು, ತೆಳ್ಳಗಿರಬೇಕು, ಸೂರ್ಯನ ಬಿಸಿಲಿಗೇ ಒಣಗಬೇಕು, ಮೇಲೆ ಏನೂ ಮುಚ್ಚಬಾರದು ಅಂದರು. ಔಷಧ ಬರೆದುಕೊಟ್ಟರು. ನನ್ನ ಪಕ್ಕದಲ್ಲಿ ಅತ್ತೆ ಆ ಸೀಳಿದ ಪ್ಯಾಡನ್ನೇ ನೋಡುತ್ತಿದ್ದರು. ಅವರು ಹೊಗಳಿದ್ದ ಟಾಕುಗಳೇ ಗಾಳಿಯನ್ನು ಒಳಗೆ ಬಿಟ್ಟಿರಲಿಲ್ಲ. ಕೌದಿ ವರ್ಷಕ್ಕೊಮ್ಮೆ ನೀರು ಕಾಣುತ್ತದೆ, ಇದು ತಿಂಗಳು ತಿಂಗಳೂ ಕಾಣಬೇಕಾದದ್ದು. ಇಷ್ಟು ಸಣ್ಣ ವಿಷಯ ಇಬ್ಬರು ಹೊಲಿಗೆಯವರಿಗೂ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿ ಕೂತಿದ್ದೆವು. ಮಗಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ಹೊರಗ ಹಾಕಿದ್ರ ನಾ ಅದನ್ನ ಮುಟ್ಟಂಗಿಲ್ಲ. ಅಂಗಡೀದೂ ಬ್ಯಾಡ. ಆ ಮೂರ ದಿನ ಸಾಲೀನ ಬ್ಯಾಡ.” ಪರೀಕ್ಷೆಗೆ ಐದು ತಿಂಗಳಿತ್ತು. ಅತ್ತೆ ಇಡೀ ದಾರಿ ತುಟಿ ಬಿಚ್ಚಲಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡೆ. ಸಿಟ್ಟಾಗಲಿ, ನನಗೇ ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ದರಿಬಡಚಿಯ ಆಕೆಗೆ ಅವತ್ತೇ ಫೋನು ಮಾಡಿ, ಎಲ್ಲ ಬಿಚ್ಚಿ ಹಾಕು ತಾಯಿ ಎಂದು ಹೇಳಿದೆ.

ಆ ವಾರ ಕೂತು ಒಂದೊಂದೇ ಟಾಕು ಬಿಚ್ಚಿದೆ. ಬೂಷ್ಟು ಹಿಡಿದದ್ದನ್ನೆಲ್ಲ ಸುಟ್ಟೆ. ಹೊಸ ಬಟ್ಟೆಯನ್ನು ಅಂಗೈಯಗಲ ಮಡಚುವಂತೆ ಚೌಕ ಕತ್ತರಿಸಿ, ಅಂಚು ಮಾತ್ರ ಹೊಲಿದೆ. ಬಿಚ್ಚಿದರೆ ಒಂದೇ ಪದರ. ಅತ್ತೆಯ ಕಾಲದ ಅರಿವಿಯೇ ಅದು, ಬೇರೇನಲ್ಲ. ನನ್ನ ಜಂಬವೆಲ್ಲ ಇಳಿದಿತ್ತು. ಔಷಧ ಹಿಡಿಯಿತು, ಮಗಳು ಚೇತರಿಸಿಕೊಂಡಳು.

ಮುಂದಿನ ಮುಟ್ಟು ಭಾನುವಾರ ಬಂತು. ಮೊದಲ ದಿನದ ಅರಿವಿಗಳನ್ನು ಒಗೆದು ಬಕೀಟಿನಲ್ಲಿಟ್ಟುಕೊಂಡು ನಾನು ಬಾಗಿಲಿಗೆ ಬಂದೆ. ಮನೆಯ ಹಿಂದೆ ದನದ ಕೊಟ್ಟಿಗೆ, ಅಲ್ಲಿ ಬಿಸಿಲಿಲ್ಲ. ಬಿಸಿಲಿರುವುದು ಮುಂದಿನ ಅಂಗಳದಲ್ಲಿ, ಅಲ್ಲಿಯೇ ಬಟ್ಟೆಯ ತಂತಿ, ಅಲ್ಲಿಯೇ ಮಾವನವರ ಕಟ್ಟೆ. ಆವತ್ತು ಕುರಿ ನೋಡಲು ಬಂದಿದ್ದ ವ್ಯಾಪಾರಿಯೊಬ್ಬ ಅವರ ಜೊತೆ ಚಹ ಕುಡಿಯುತ್ತಿದ್ದ. ಮಗಳು ಹೊಸ್ತಿಲಿಗೆ ಅಡ್ಡ ನಿಂತಳು.

“ಆಣಿ ಮಾಡೀದಿ ಅವ್ವ.”

ನಾನು ಅತ್ತೆಯ ಕಡೆ ತಿರುಗಿದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮುಟ್ಟಾದವರು ಹೊರಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಅಡುಗೆಯೂ ನಿಲ್ಲದು, ಲಿಂಗಪೂಜೆಯೂ ನಿಲ್ಲದು. ನೆರೆಹೊರೆಯವರ ಮುಂದೆ ಅತ್ತೆ ಇದನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನನ್ನ ಸಿಟ್ಟೆಲ್ಲ ಅವರ ಮೇಲೆ ಹೊರಳಿತು.

“ಅತ್ತಿ, ಲಿಂಗ ಕಟ್ಟಿದವ್ರಿಗಿ ಸೂತಕ ಇಲ್ಲ ಅಂತ ನೀವ ಹೇಳ್ತೀರಿ. ಮತ್ತ ಈ ಅರಿವಿಗ್ಯಾಕ ಸೂತಕ ಐತ್ರಿ?”

“ದೇವರಿಗಿ ನಡೀತೈತಿ” ಅಂದರು ಅತ್ತೆ. “ಗಂಡಸರಿಗಿ ನಡ್ಯಂಗಿಲ್ಲ.”

ಆ ಸಿಟ್ಟಿನಲ್ಲೂ ನನಗೆ ನಗು ಬಂತು. ಮಗಳಿಗೆ ಬರಲಿಲ್ಲ. ಅವಳು ಅಜ್ಜಿಯನ್ನೇ ನೋಡುತ್ತಿದ್ದಳು.

“ಆಯಿ, ನಿನ್ನ ಅರಿವಿ ಎಲ್ಲಿ ಒಣಗಸ್ತಿದ್ದಿ?”

“ಅಲ್ಲೇ. ಚೀಲದ ಹಿಂದ.”

“ನಿನಗ ತುರಸ್ತಿರಲಿಲ್ಲ?”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ತುರಸ್ತಿತ್ತು” ಅಂದರು.

“ಉರಿ?”

“ಉರೀನೂ ಇತ್ತು.”

“ಎಷ್ಟ ದಿನ?”

“ದಿನ ಎಲ್ಲೀದವ್ವಾ. ನಿಮ್ಮಪ್ಪ ಹುಟ್ಟೂ ಮೊದಲಿಂದ, ಮುಟ್ಟ ನಿಂತ ಹೋಗೂತನ.”

ಇಪ್ಪತ್ತು ವರ್ಷ ನಾನು ಈ ಹೆಂಗಸಿನ ಜೊತೆ ಒಂದೇ ಬಚ್ಚಲು ಬಳಸಿದ್ದೆ. ಮೊದಮೊದಲು ಅವರು ನಡೆಯುವಾಗ, ಕೂರುವಾಗ ಮುಖ ಗಂಟಿಕ್ಕಿದ್ದನ್ನು ಕಂಡು, ಸೊಸೆಯೆಂದರೆ ಆಗದು ಇವರಿಗೆ ಎಂದು ತವರಿನಲ್ಲಿ ದೂರಿದ್ದೆ. ನನ್ನ ಕಣ್ಣು ತುಂಬಿತು.

“ಯಾರಿಗೂ ಹೇಳಲಿಲ್ಲೇನ ಆಯಿ?” ಮಗಳ ದನಿ ಸಣ್ಣದಾಗಿತ್ತು.

“ಏನಂತ ಹೇಳ್ಲಿ? ಹೆಂಗಸರಿಗಿ ಎಲ್ಲಾರಿಗೂ ಹಿಂಗ ಇರತೈತಿ ಅಂತ ತಿಳದಿದ್ದೆ. ಮೊನ್ನಿ ಆ ಬಾಯಿ ನಿನಗ ಒಂದೊಂದ ಕೇಳಿ ಔಷಧ ಬರದಳಲ್ಲ, ಅವಾಗ ಗೊತ್ತಾತು ನನಗ, ಅದು ಬ್ಯಾನಿ ಅಂತ. ಅದಕ್ಕ ಔಷಧಾನೂ ಐತಿ ಅಂತ.”

ಮಗಳು ನನ್ನ ಕೈಯಿಂದ ಬಕೀಟು ತೆಗೆದುಕೊಂಡು ಹೊಸ್ತಿಲು ದಾಟಿದಳು. ನಾನು ಹಿಂದೆ ಹೋಗಲಿಲ್ಲ, ಹೋದರೆ ಅವಳು ತಿರುಗಿ ಬಂದಾಳು ಅನ್ನಿಸಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳು ತಂತಿಯ ಹತ್ತಿರ ಹೋಗಿ ಒಂದು ಅರಿವಿ ಕೊಡವಿ ಹರಡಿದಳು. ಇನ್ನೊಂದು ಹರಡಿದಳು. ಕಿವಿ ಎರಡೂ ಕೆಂಪಾಗಿದ್ದವು. ಕಟ್ಟೆಯ ಮೇಲಿನ ಮಾತು ನಿಂತಿತು.

ಕುರಿ ವ್ಯಾಪಾರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ಸುಮ್ಮನೆ ಕೇಳಿದ: “ಏನವ್ವಾ ಅವು, ಅಷ್ಟ ಸಣ್ಣ ಸಣ್ಣ ಅರಿವಿ? ಮನ್ಯಾಗ ಕೂಸ ಐತೇನ?”

ಮಗಳ ಕೈ ತಂತಿಯ ಮೇಲೆಯೇ ಉಳಿಯಿತು. ಮಾವನವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ಅತ್ತೆ ಹೊರಗೆ ನಡೆದರು. ಗಂಡಸರ ಎದುರಿಗೆ ಎಂದೂ ಸೆರಗು ಜಾರದಂತೆ ನಿಂತವರು, ಸೆರಗಿನ ಪರಿವೆಯೇ ಇಲ್ಲದೆ ಅಂಗಳದ ನಡುವೆ ನಿಂತರು.

“ಮುಟ್ಟಿನ ಅರಿವಿ ಅವ್ರಿ” ಅಂದರು. “ನನ್ನವು.”

ಅವರಿಗೆ ಆಗ ಎಪ್ಪತ್ತರ ಹತ್ತಿರ. ವ್ಯಾಪಾರಿ ಚಹದ ಬಟ್ಟಲಿನೊಳಗೆ ಕಣ್ಣು ಹೂತ. ಮಾವನವರು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು. ಮಗಳು ಬಕೀಟಿಗೆ ಬಗ್ಗಿ ಮುಂದಿನ ಅರಿವಿ ಎತ್ತಿಕೊಂಡಳು.