ಲವಂಗದಕ್ಕನ ಕೈಗೆ ಪೊರಕೆ

ಬೆಳಗಿನ ಬೆಳಕು ಗೋದಾಮಿನ ತಗಡಿನ ಬಾಗಿಲಿಗೆ ಬೀಳುವ ಹೊತ್ತಿಗೆ ಲವಂಗದಕ್ಕ ಅರ್ಧ ಅಂಗಳ ಗುಡಿಸಿ ಮುಗಿಸಿರುತ್ತಾಳೆ. ಪೊರಕೆ ಹಿಡಿದ ಬೆರಳುಗಳ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಉಳಿದಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಅದು, ಎಷ್ಟು ಉಜ್ಜಿದರೂ ಹೋಗಿಲ್ಲ.

ಗುಡಿಸುವುದು ಈಕೆಯ ಕೆಲಸವಲ್ಲ. ಕಡಲೆಬೀಜದ ಚೀಲಗಳಿಗೆ ಬೂಷ್ಟು ಹಿಡಿಯದಂತೆ ಕಾಯುವುದು ಈಕೆಯ ಕೆಲಸ. ಹೊಸ ಮಾಲು ಬಂದಾಗ ಪ್ರತಿ ಚೀಲಕ್ಕೂ ಕೈ ಇಳಿಸಿ ಒಣಗಿದೆಯೇ ನೋಡಿ, ಲವಂಗದೆಣ್ಣೆಯಲ್ಲಿ ಅದ್ದಿದ ಬಟ್ಟೆಪಟ್ಟಿಗಳನ್ನು ಸಾಲುಗಳ ನಡುವೆ ಕಟ್ಟಿ ಬಾಗಿಲು ಮುಚ್ಚುತ್ತಿದ್ದಳು. ಎಣ್ಣೆಯ ಘಾಟು ಒಳಗೆಲ್ಲ ಹರಡಿ, ವಿಷ ಕಾರುವ ಬೂಷ್ಟು ತಲೆಯೆತ್ತದಂತೆ ತಡೆಯುತ್ತದೆ. ಈ ಕೆಲಸದಿಂದಲೇ ಅವಳಿಗೆ ಆ ಹೆಸರು ಬಂತು, ಬೆರಳಿನ ಚರ್ಮವೂ ಸುಲಿಯಿತು. ಕೈಗವಸು ಕೇಳಿದಾಗ ‘ನೋಡೋಣ’ ಎಂದ ಯಜಮಾನರು ಇವತ್ತಿಗೂ ನೋಡುತ್ತಲೇ ಇದ್ದಾರೆ.

ಕೆಲಸ ಕಲಿಸಿದ್ದು ಪ್ರಯೋಗಾಲಯದಿಂದ ಬಂದ ಮೇಡಂ. ಬೂಷ್ಟು ಬಂದ ಮೇಲೆ ಎಣ್ಣೆ ಹಾಕಿ ಪ್ರಯೋಜನವಿಲ್ಲ, ಬೀಜಕ್ಕೆ ಇಳಿದ ವಿಷ ಇಳಿದದ್ದೇ ಎಂದು ಅವರು ಹೇಳಿದ್ದರು. ಅಕ್ಕ ತಲೆಯಾಡಿಸಿದ್ದಳು, ಆದರೆ ನಂಬಿರಲಿಲ್ಲ. ಗೋದಾಮಿನವರು ಎಸೆದ ಬೂಷ್ಟು ಬೀಜವನ್ನು ಮನೆಗೆ ಒಯ್ದು, ಎಣ್ಣೆ ಸವರಿ ಒಣಗಿಸಿ, ಪುಡಿ ಮಾಡಿ ಬಾತುಕೋಳಿ ಮರಿಗಳಿಗೆ ಹಾಕಿದಳು.

“ಘಮ ಘಮ ಅಂತಿತ್ತು ಕಣ್ರೀ. ಆಮೇಲೆ ಒಂದೊಂದಾಗಿ ಕತ್ತು ಚಾಚಿ ಬಿದ್ವು. ನನ್ನ ಮಗಳು ಸಾಕಿದ್ದ ಮರಿಗಳು. ಎಷ್ಟೋ ದಿನ ಅವಳು ನನ್ನ ಜೊತೆ ಮಾತೇ ಬಿಟ್ಟಿದ್ಲು.”

ಈಚೆಗೆ ಸೋರುವ ಸೂರಿನ ಕೆಳಗಿದ್ದ ಚೀಲಗಳು ಹಸಿರುಗಟ್ಟಿದವು. ಸೂರು ಸೋರುತ್ತಿದೆ ಎಂದು ಅಕ್ಕ ಬಾಯಿ ನೋಯುವಷ್ಟು ಹೇಳಿದ್ದಳು. ಯಜಮಾನರು ಈಗ ಕಂಡುಕೊಂಡ ಉಪಾಯ ಕೇಳಿ: “ಎಣ್ಣೆ ಚಿಮುಕಿಸಮ್ಮ, ಮುಗ್ಗಲು ವಾಸನೆ ಹೋದ್ರೆ ಸಾಕು. ಲಾರಿ ಬರುತ್ತೆ.” ಲಾರಿ ಹೋಗಬೇಕಿದ್ದದ್ದು ಶಾಲೆಗಳ ಅಡುಗೆಮನೆಗೆ! ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

“ಆಗಲ್ಲ ಸಾರ್ ಅಂದೆ. ನೀನಲ್ಲದಿದ್ರೆ ಇನ್ನೊಬ್ಬಳು ಮಾಡ್ತಾಳೆ ಅಂದ್ರು. ಮಾಡಿಸ್ತಾರೆ, ನಂಗೆ ಗೊತ್ತಿಲ್ವಾ? ವಾಸನೆ ಮುಚ್ಚಬಹುದು. ಬಣ್ಣ ಹೆಂಗೆ ಮುಚ್ತಾರೆ?”

ಅವರು ಊಟಕ್ಕೆ ಹೋದಾಗ ಅಕ್ಕ ಬಕೆಟ್ಟಿನಲ್ಲಿ ನೀಲಿ ಕಲಸಿ, ಹಸಿರುಗಟ್ಟಿದ ಚೀಲಗಳನ್ನೆಲ್ಲ ಬಿಚ್ಚಿ ಬೀಜದ ಮೇಲೆ ಸುರಿದಳು. ಅಂಗಳದ ತನಕ ನೀಲಿ ಹರಿಯಿತು. ಲಾರಿ ಖಾಲಿ ವಾಪಸಾಯಿತು.

ಮಾಲು ಹಾಳು ಮಾಡಿದವಳು ಅಕ್ಕನಂತೆ! ಸೂರು ರಿಪೇರಿ ಮಾಡಿಸದವರು ಕುರ್ಚಿಯಲ್ಲಿ ಕೂತಿದ್ದಾರೆ, ಮಕ್ಕಳ ಹೊಟ್ಟೆ ಕಾಯ್ದವಳ ಕೈಗೆ ಪೊರಕೆ ಬಂದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ ಇದು. ನೆನೆದರೆ ಮೈ ಉರಿಯುತ್ತದೆ.

ಹೊಸ ಮಾಲು ಒಳಗೆ ಬಂದಿದೆ. ಬಟ್ಟೆಪಟ್ಟಿಗಳು ಒಣಗಿ ನೇತಾಡುತ್ತಿವೆ, ಎಣ್ಣೆ ಡಬ್ಬಿ ಯಜಮಾನರ ಬೀರುವಿನಲ್ಲಿದೆ. ಅಕ್ಕ ಗುಡಿಸುತ್ತ ಬಾಗಿಲಿಗೆ ಬಂದಾಗಲೆಲ್ಲ ನಿಂತು ಮೂಗೆಳೆದು ನೋಡುತ್ತಾಳೆ, ಲವಂಗದ ಘಾಟು ಸಿಗದೆ ಮುಖ ಸಣ್ಣದು ಮಾಡುತ್ತಾಳೆ.

“ಪೊರಕೆ ಹಿಡಿಯೋಕೆ ನಂಗೇನೂ ನಾಚಿಕೆ ಇಲ್ಲ. ಎಣ್ಣೆ ಡಬ್ಬಿ ವಾಪಸ್ ಕೊಡ್ಲಿ, ಆ ಕೆಲಸದ ಜೊತೆ ಅಂಗಳಾನೂ ಗುಡಿಸ್ತೀನಿ. ಲವಂಗದ ವಾಸನೆ ಬಂದ್ರೆ ಒಳಗಿರೋದನ್ನ ಮಗೂಗೆ ಕೊಡಬಹುದು ಅಂತ ಜನ ನಂಬಿದ್ದಾರೆ. ಆ ವಾಸನೆ ಕೈಲಿ ನಾನು ಯಾರಿಗೂ ಸುಳ್ಳು ಹೇಳಿಸಲ್ಲ.”