ಪರದೆಯ ಮೂಲೆಗೊಂದು ಪ್ಲಾಸ್ಟರ್

ತೀವ್ರ ನಿಗಾ ಘಟಕದಲ್ಲಿ ಹತ್ತೊಂಬತ್ತು ವರ್ಷಗಳಿಂದ ಸ್ಕ್ಯಾನ್ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ‘ಪ್ಲಾಸ್ಟರಕ್ಕ’ ಎನ್ನುತ್ತಿದ್ದರು. ಪರದೆಯಲ್ಲಿ ಅಂಕಿ ಮೂಡುವ ಮೂಲೆಗೆ ಬಿಳಿ ಪ್ಲಾಸ್ಟರ್ ಅಂಟಿಸಿಯೇ ಅಳತೆ ಶುರುಮಾಡುವುದು ಆಕೆಯ ರೂಢಿ. ಮೂರು ಸಲ ಅಳೆದಾದ ಮೇಲೆಯೇ ಅದನ್ನು ಕೀಳುವುದು. ಮನೆಯಲ್ಲಿ ಗಂಡ, “ಇವಳು ಸಾರಿಗೆ ಉಪ್ಪು ಹಾಕೋದೂ ಕಣ್ಣು ಮುಚ್ಕೊಂಡೇ” ಎಂದು ನಗುತ್ತಿದ್ದ.

ಸೋಂಕು ರಕ್ತಕ್ಕೇರಿದಾಗ ದೇಹ ಮೊದಲು ಮೆದುಳು, ಹೃದಯಗಳನ್ನು ಕಾಯ್ದುಕೊಳ್ಳುತ್ತದೆ. ಕರುಳಿನ ಪಾಲಿನ ರಕ್ತಕ್ಕೆ ಕತ್ತರಿ ಬೀಳುತ್ತದೆ. ಆ ಹರಿವನ್ನು ದಿನಕ್ಕೆರಡು ಸಲ ಅಳೆದರೆ ರೋಗಿ ಯಾವ ಕಡೆ ವಾಲುತ್ತಿದ್ದಾನೆಂಬ ಸುಳಿವು ಮುಂಚೆಯೇ ಸಿಕ್ಕೀತೇ ಎಂಬುದು ಹಿರಿಯ ವೈದ್ಯೆಯ ಅಧ್ಯಯನ. ತೊಡಕೆಂದರೆ, ಪರದೆಯ ಮೇಲೊಂದು ಗೆರೆಯನ್ನು ರಕ್ತನಾಳದ ನೇರಕ್ಕೆ ಕೈಯಾರೆ ಕೂರಿಸಬೇಕು. ಅದು ಚೂರು ಓರೆಯಾದರೂ ಅಂಕಿ ಬದಲಾಗುತ್ತದೆ. ಅಧ್ಯಯನದ ಮೊದಮೊದಲು, ರೋಗಿಯೊಬ್ಬರ ಮಗಳು ಎದುರಿಗೇ ನಿಂತು ಅಳುತ್ತಿದ್ದಾಗ, ತನ್ನ ಕೈ ಗೆರೆಯನ್ನು ಒಳ್ಳೆಯ ಅಂಕಿಯತ್ತ ಜರುಗಿಸಿದ್ದನ್ನು ಆಕೆಯೇ ಕಂಡುಹಿಡಿದಳು. ಆ ಅಳತೆಯನ್ನು ಅಳಿಸಿದಳು. ಪ್ಲಾಸ್ಟರ್ ಬಂದದ್ದು ಅಂದಿನಿಂದ.

ಒಂದು ಬೆಳಿಗ್ಗೆ ನಾಲ್ಕನೇ ಹಾಸಿಗೆಯ ಕ್ಷೌರಿಕನನ್ನು ಸಾಮಾನ್ಯ ವಾರ್ಡಿಗೆ ಕಳಿಸಲು ಕಿರಿಯ ವೈದ್ಯ ಕಾಗದ ಬರೆಯುತ್ತಿದ್ದ. ಜ್ವರ ಇಳಿದಿತ್ತು.

“ಕಳಿಸ್ಬೇಡಿ ಡಾಕ್ಟ್ರೇ” ಎಂದಳು ಆಗಷ್ಟೇ ಅವನನ್ನು ಅಳೆದು ಮುಗಿಸಿದ್ದ ಪ್ಲಾಸ್ಟರಕ್ಕ. “ಮೂರಕ್ಕೆ ಮೂರು ಅಳತೆಯೂ ನಿನ್ನೇದರ ಅರ್ಧಕ್ಕಿಳಿದಿವೆ.”

“ಬಿಪಿ ನೋಡಿ ಅಕ್ಕಾ, ಕಲ್ಲುಗುಂಡು! ನೀವು ಹೊಟ್ಟೆಗೆ ಹಚ್ಚಿದ ಜೆಲ್ಲು ತಣ್ಣಗಿತ್ತೇನೋ, ಕರುಳು ಮುದುಡ್ಕೊಂಡಿದೆ.”

“ಜೆಲ್ಲು ಬಿಸಿನೀರಲ್ಲಿಟ್ಟೇ ತಂದಿದ್ದು. ಬೇಕಾದ್ರೆ ನೀವೇ ಅಳೀರಿ. ಪ್ಲಾಸ್ಟರ್ ಮಾತ್ರ ಮುಟ್ಬೇಡಿ.”

ಮಾತು ಕೇಳಿ ಬಂದ ಹಿರಿಯ ವೈದ್ಯೆ ತಾವೇ ಕುಳಿತು ಮೂರು ಸಲ ಅಳೆದರು. ಪ್ಲಾಸ್ಟರ್ ಕಿತ್ತರು. ಇಬ್ಬರ ಅಂಕಿಗಳೂ ಹೆಚ್ಚುಕಡಿಮೆ ಒಂದೇ.

“ಇವರು ಎಲ್ಲೂ ಹೋಗೋ ಹಾಗಿಲ್ಲ. ಸೋಂಕು ಎಲ್ಲೋ ಅಡಗಿದೆ, ಹುಡುಕಿ.”

ಹುಡುಕಿದರೆ, ಯಕೃತ್ತಿನ ಕೆಳಗೆ ನಿಂಬೆಹಣ್ಣಿನಷ್ಟು ಕೀವು. ಮಧ್ಯಾಹ್ನ ಅದಕ್ಕೆ ನಳಿಕೆ ಇಳಿಸುವ ಹೊತ್ತಿಗೆ ಆ ಕಲ್ಲುಗುಂಡು ಬಿಪಿಯೂ ಜಾರತೊಡಗಿತ್ತು. ವಾರ್ಡಿನಲ್ಲಾಗಿದ್ದರೆ ಗೊತ್ತಾಗುವುದೇ ತಡವಾಗುತ್ತಿತ್ತು. ಇಲ್ಲಿ ನಾಲ್ವರು ಪಕ್ಕದಲ್ಲೇ ಇದ್ದರು. ಜಾರಿದ್ದನ್ನು ಹಿಡಿದು ನಿಲ್ಲಿಸಿದರು.

ಮೂರನೆಯ ದಿನ ಕ್ಷೌರಿಕನ ಹೆಂಡತಿ ಹಾಸಿಗೆಯ ಪಕ್ಕ ನಗುತ್ತ ನಿಂತಿದ್ದಳು. “ಹಸಿವು ಅಂತಿದಾರೆ ಅಕ್ಕಾ, ನನ್ನ ಬೈತಾನೂ ಇದಾರೆ. ಇನ್ನೇನು ಅಳೀತೀರಿ?”

“ಬೈಗುಳ ನನ್ನ ಮಶೀನಲ್ಲಿ ಬರಲ್ಲಮ್ಮಾ” ಎಂದು ಪ್ಲಾಸ್ಟರಕ್ಕ ಮೂರು ಸಲ ಅಳೆದಳು.

“ತಾಳಿ ಅಕ್ಕಾ, ಇವತ್ತು ನಾನು ಕೀಳ್ತೀನಿ.” ಕಿರಿಯ ವೈದ್ಯ ಪ್ಲಾಸ್ಟರ್ ಎಳೆದು, ಅಂಕಿಯನ್ನು ಇಡೀ ಘಟಕಕ್ಕೆ ಕೇಳುವಂತೆ ಕೂಗಿದ. ಬಂದ ದಿನದ್ದಕ್ಕಿಂತ ದುಪ್ಪಟ್ಟು.

ಕ್ಷೌರಿಕ ದಿಂಬಿನಿಂದ ತಲೆಯೆತ್ತಿದ. “ಪಾಸಾ?”

“ಫಸ್ಟ್ ಕ್ಲಾಸು” ಎಂದಳು ಪ್ಲಾಸ್ಟರಕ್ಕ, ಅವನ ಹೊಟ್ಟೆಯ ಮೇಲಿನ ಜೆಲ್ಲು ಒರೆಸುತ್ತ.