ಯಂತ್ರಕ್ಕೆ ತಂದ ಹಾರ

ಮಧುಗಿರಿಗೆ ಕರೆಂಟು ಬಂದ ಹೊಸದರಲ್ಲಿ, ಬಾಗಿಲು ಕೆತ್ತುವ ಆಚಾರಿಯೊಬ್ಬರಿಗೆ ಮರ ಕೊರೆಯುವ ಯಂತ್ರ ಕೂರಿಸಿಕೊಡಲು ಹೋಗಿದ್ದೆ. ದೊಡ್ಡ ಮೋಟಾರೇ ಬೇಕು ಅಂತ ಹಟ ಹಿಡಿದಿದ್ದರು. ಹೂಬಳ್ಳಿ ಕೆತ್ತೋದಕ್ಕೆ ಚಿಕ್ಕದಾದರೆ ಹೇಳಿದ ಹಾಗೆ ಕೇಳುತ್ತೆ ಅಂತ ಒಪ್ಪಿಸಿದ್ದೆ. ಯಂತ್ರವನ್ನು ಮೇಜಿಗೆ ಬೋಲ್ಟು ಹಾಕಿ ಬಿಗಿದು, "ಶಲ್ಯ ತೆಗೆದಿಡಿ, ಜುಟ್ಟು ಬಿಗಿಯಾಗಿ ಕಟ್ಟಿ. ತಿರುಗೋದರ ಹತ್ತಿರ ಜೋತಾಡೋದೇನೂ ಇರಬಾರದು" ಎಂದೆ. ಎಲ್ಲಕ್ಕೂ ತಲೆಯಾಡಿಸಿದರು.

ಇನ್ನೇನು ಸ್ವಿಚ್ಚು ಹಾಕಬೇಕು, ಅವರ ಹೆಂಡತಿ ಮಾರುದ್ದದ ಕನಕಾಂಬರದ ಹಾರ ತಂದು ಮೋಟಾರಿಗೇ ಹಾಕಿಬಿಟ್ಟರು.

"ತೆಗೀರಮ್ಮ, ಬೆಲ್ಟಿಗೆ ಸಿಕ್ಕಿಕೊಳ್ಳುತ್ತೆ!"

"ಹಾರ ಹಾಕ್ದೆ ನಮ್ಮನೇಲಿ ಹೊಸ ಉಳೀನೂ ಮುಟ್ಟಲ್ಲ ಕಣಪ್ಪ. ಮೊದಲ್ನೇ ಕೆಲಸ ಮುಗಿಯೋಗಂಟ ತೆಗಿಯಂಗೂ ಇಲ್ಲ."

ಆಚಾರಿಯೂ ಕೈಕಟ್ಟಿ ಕೂತುಬಿಟ್ಟರು. "ಹಾರ ಬ್ಯಾಡ ಅಂದ್ರೆ ಮಿಷಿನ್ನೂ ಬ್ಯಾಡ ಬುಡಿ ಸಾಮಿ, ವಾಪಸ್ ತಗಂಡೋಗಿ."

ನಾನೂ ಜಗ್ಗಲಿಲ್ಲ. ಕಡೆಗೆ ಆಕೆ ಹಾರ ತೆಗೆದು, "ಮಿಷಿನ್ ತಂದೋರಿಗೆ ಹಾಕಿದ್ರೂ ಅದುಕ್ಕೆ ಹಾಕ್ದಂಗೇಯ" ಎನ್ನುತ್ತ ನನ್ನ ಕೊರಳಿಗೆ ಹಾಕಿದರು, ಹಣೆಗೆ ಕುಂಕುಮವನ್ನೂ ಇಟ್ಟರು. ನಾಚಿಕೆಯಾದರೂ ನೆಮ್ಮದಿಯಿಂದ ಸ್ವಿಚ್ಚಿನತ್ತ ಬಗ್ಗಿದೆ. ಆಚಾರಿ ಗಬಕ್ಕನೆ ತೋಳು ಹಿಡಿದು ಹಿಂದಕ್ಕೆಳೆದರು.

"ದೂರ ನಿಂತ್ಕಳಿ ಸಾಮಿ! ಜೋತಾಡೋದೇನೂ ಹತ್ರ ಇರ್ಬಾರ್ದು ಅಂದೋರು ನೀವೇ ಅಲ್ವಾ?"

ಅಷ್ಟು ಜೋಪಾನವಾಗಿ ನಾನೇ ಕೂರಿಸಿದ ಯಂತ್ರ ಮೊದಲ ಸಲ ತಿರುಗಿದ್ದನ್ನು, ಹೊಸಿಲಿನಾಚೆ ಮದುಮಗನ ಹಾಗೆ ನಿಂತು ನೋಡಿದೆ.